ಚೀನಾದ ಆಚಾರಿಯೂ ಎರಡು ತುಂಡು ಹಸಿ ಮರವೂ

ಕುಂಟು ಕಾಲಿನ ಕೆಳಗೆ ಜನ ಏನೇನು ತುರುಕುತ್ತಾರೆ ಎಂಬುದು ನಮ್ಮಂಥ ಮರಗೆಲಸದವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಮೇಜು ಅಲ್ಲಾಡುತ್ತದೆ, ಬೀರು ವಾಲುತ್ತದೆ. ಆಚಾರಿಗೆ ಹೇಳಿಕಳಿಸುವ ಮುಂಚೆ ಪ್ರತಿ ಮನೆಯೂ ತನ್ನ ಕೈಲಾದ ವೈದ್ಯ ಮಾಡಿಕೊಂಡಿರುತ್ತದೆ. ತೆಂಗಿನ ಚಿಪ್ಪು, ಹೆಂಚಿನ ಚೂರು, ನಾಲ್ಕು ಮಡಿಕೆಯ ಲಗ್ನಪತ್ರಿಕೆ. ಶ್ರೀರಂಗಪಟ್ಟಣದ ಒಂದು ಮನೆಯಲ್ಲಂತೂ ಮಂಚದ ಕಾಲಿನ ಕೆಳಗೆ ಯಜಮಾನರು ಮೂರು ದಿನದಿಂದ ಹುಡುಕುತ್ತಿದ್ದ ಕನ್ನಡಕದ ಡಬ್ಬಿಯೇ ಸಿಕ್ಕಿತ್ತು. ಇಟ್ಟವರು ಅವರ ಸೊಸೆ. ನಾನು ಬಾಯಿ ಬಿಡಲಿಲ್ಲ. ಮನೆಯೊಳಗೆ ಹೋಗಿ ಬರುವ ಕಸುಬಿನವನಿಗೆ ಉಳಿ ಎಷ್ಟು ಹರಿತವಾಗಿರಬೇಕೋ ನಾಲಿಗೆ ಅಷ್ಟು ಮೊಂಡಾಗಿರಬೇಕು.

ತೊಂಬತ್ತರ ದಶಕದ ನಡುವೆ ನಾಗಮಂಗಲದ ಒಂದು ವಾಚನಾಲಯದಲ್ಲಿ ಪುಸ್ತಕದ ಕಪಾಟು ರಿಪೇರಿಗೆ ಹೋಗಿದ್ದೆ. ಅಲ್ಲಿ ಕುಂಟು ಕಾಲಿನ ಕೆಳಗಿದ್ದದ್ದು ಒಂದು ಪುಸ್ತಕ. ರಟ್ಟು ಹೋಗಿತ್ತು, ಹೆಸರಿನ ಪುಟವೂ ಹೋಗಿತ್ತು, ಬೆನ್ನಿನಲ್ಲಿ ಕಪಾಟಿನ ಕಾಲಿನ ಗುರುತು ನಾಣ್ಯದ ಅಚ್ಚಿನಂತೆ ಕೂತಿತ್ತು. ನಾನು ಅಳತೆ ತೆಗೆದು ಹೊನ್ನೆ ಮರದ ತುಂಡು ಕೆತ್ತಿ ಕಾಲಿಗೆ ಕೂರಿಸಿ ಪುಸ್ತಕವನ್ನು ಅಲ್ಲಿದ್ದ ಯಜಮಾನರ ಕೈಗೆ ಕೊಡಹೋದೆ. ಅವರು ಧೂಳು ನೋಡಿ ಕೈ ಹಿಂದಕ್ಕೆಳೆದುಕೊಂಡರು.

“ತಗಂಡೋಗಿ ಆಚಾರ್ರೆ. ಕಪಾಟಿನ ಮೇಲಿದ್ದಾಗ ಒಬ್ರೂ ಮುಟ್ಲಿಲ್ಲ. ಕೆಳಗಾದ್ರೂ ಕೆಲ್ಸ ಮಾಡ್ತಾ ಇತ್ತು.”

ಕೆಲಸ ಮಾಡುತ್ತಿದ್ದವನನ್ನು ಕೆಲಸ ಬಿಡಿಸಿದೆನಲ್ಲ ಎಂಬ ಒಂದು ಋಣಕ್ಕೆ ಅದನ್ನು ಹತಾರಗಳ ಚೀಲಕ್ಕೆ ಹಾಕಿಕೊಂಡೆ.

ನಾನು ಓದಿದ್ದು ಆರನೇ ಕ್ಲಾಸು ಮುಕ್ಕಾಲು. ಮುಕ್ಕಾಲು ಏಕೆಂದರೆ, ಆ ವರ್ಷ ಶಾಲೆಯ ಬೆಂಚು ಮುರಿದು, ಅದನ್ನು ಸರಿ ಮಾಡಲು ನಮ್ಮಪ್ಪನೇ ಬಂದರು. ನಾನು ಗಣಿತ ಮಾಡುತ್ತಾ ಕೂತಿದ್ದೆ. ಅಪ್ಪ ಬಾಗಿಲಲ್ಲಿ ನಿಂತು ಮೇಷ್ಟರಿಗೆ ಕೈಮುಗಿದು, “ಸ್ವಾಮಿ, ಅಲಗೆಯ ಆ ತುದಿ ಹಿಡಿಯಾಕೆ ನಮ್ಮುಡುಗನ್ನ ಒಂದು ಗಳಿಗೆ ಕಳಿಸ್ಕೊಡಿ” ಅಂದರು. ಆ ತುದಿ ಹಿಡಿದವನು ಮತ್ತೆ ಬಿಡಲೇ ಇಲ್ಲ. ಬೆಂಚು ಸರಿಯಾಯಿತು, ಅದರ ಮೇಲೆ ಕೂರುವವನು ಮಾತ್ರ ತಪ್ಪಿಹೋದ. ಇದನ್ನು ದುಃಖಕ್ಕೆ ಹೇಳುತ್ತಿಲ್ಲ. ಅಳತೆ, ಕೋನ, ಗುಂಡು, ಪಾಲು ಎಲ್ಲವನ್ನೂ ಆಮೇಲೆ ಮರವೇ ನನಗೆ ಕಲಿಸಿತು. ಮೇಷ್ಟರಿಗಿಂತ ಮರಕ್ಕೆ ತಾಳ್ಮೆ ಹೆಚ್ಚು, ಪೆಟ್ಟು ಕಡಿಮೆ. ಆದರೆ ಅಚ್ಚಾದ ಅಕ್ಷರ ಓದುವಾಗ ಈಗಲೂ ಬೆರಳಿಟ್ಟುಕೊಂಡೇ ಓದುತ್ತೇನೆ, ಮರದ ಎಳೆ ನೋಡುವ ಹಾಗೆ.

ಹಾಗೆ ಬೆರಳಿಟ್ಟು ಓದುತ್ತಾ ಹೋದಾಗ, ಲೋಕದ ನಾನಾ ದೇಶದ ಜ್ಞಾನಿಗಳ ಕತೆಗಳ ನಡುವೆ, ಮೋ ತ್ಸು ಎಂಬ ಚೀನಾ ದೇಶದವನೊಬ್ಬ ಸಿಕ್ಕಿದ. ಎರಡು ಸಾವಿರ ವರ್ಷಕ್ಕೂ ಹಿಂದಿನವನು. ಅವನೂ ಮರಗೆಲಸ ಬಲ್ಲವನಂತೆ! ಪುಸ್ತಕದಲ್ಲಿ ಅವನಿಗಿಂತ ಮುಂಚೆ ಬಂದ ಜ್ಞಾನಿಗಳೆಲ್ಲ ರಾಜರ ಮನೆಯ ಪಕ್ಕದಲ್ಲಿ ಕೂತು ಮಾತಾಡಿದವರು. ಇವನು ದಪ್ಪ ಬಟ್ಟೆ ಉಟ್ಟು, ಕಾಲು ಸವೆಯುವಂತೆ ಊರೂರು ನಡೆದವನು. ಬಡಗಿ ಮೂಲೆಮಟ್ಟ ಹಿಡಿದು ಯಾವುದು ನೇರ, ಯಾವುದು ಸೊಟ್ಟ ಎಂದು ಹೇಳುವಂತೆ ಮನುಷ್ಯನ ನಡತೆಗೂ ಒಂದು ಅಳತೆಗೋಲು ಇರಬೇಕು ಎಂದವನು. ನಾನು ಎದ್ದು ಕೂತೆ. ನಮ್ಮ ಜಾತಿಯವನೊಬ್ಬ ಚೀನಾದಲ್ಲಿ ಗುರುವಾಗಿದ್ದಾನೆ ಎಂಬ ಸುದ್ದಿ ಇಷ್ಟು ತಡವಾಗಿಯೇ ನಮ್ಮೂರು ಪಾಂಡವಪುರ ಮುಟ್ಟಬೇಕೆ?

ಅವನ ಮಾತುಗಳಲ್ಲಿ ನನಗೆ ತುಂಬ ಹಿಡಿಸಿದ್ದು ಹಣೆಬರಹದ ವಿಚಾರ. ಎಲ್ಲ ಮೊದಲೇ ಬರೆದಾಗಿದೆ ಎಂದು ಕೈಕಟ್ಟಿ ಕೂರುವವರು ಊರು ಕೆಡಿಸುತ್ತಾರೆ, ದುಡಿದವನು ಉಳಿಯುತ್ತಾನೆ ಎಂದು ಅವನ ವಾದ. ಇದನ್ನು ನಾನು ನಲವತ್ತು ವರ್ಷದಿಂದ ಹೇಳುತ್ತಿದ್ದೆ, ಯಾರೂ ಪುಸ್ತಕದಲ್ಲಿ ಹಾಕಿರಲಿಲ್ಲ ಅಷ್ಟೆ. ಹಿಡಿಸದ್ದೂ ಒಂದಿತ್ತು: ಅವನಿಗೆ ಹಾಡು, ಮೇಳ, ವಾದ್ಯ ಯಾವುದೂ ಸೇರದು, ಅದೆಲ್ಲ ದಂಡದ ಖರ್ಚು, ಬಡವನ ಬೆವರು ಅನ್ನುತ್ತಾನೆ. ಪ್ರತಿ ಶನಿವಾರ ಭಜನೆಯಲ್ಲಿ ತಾಳ ಹಾಕುವ ನಾನು ಇದನ್ನು ಒಪ್ಪಲಿಲ್ಲ. ಆದರೆ ನಮ್ಮ ಭಜನೆಯ ಹಾರ್ಮೋನಿಯಂ ಬಾರಿಸುವವನ ಕೈಚಳಕ ಕೇಳಿದಾಗಲೆಲ್ಲ, ಆ ಪುಣ್ಯಾತ್ಮನ ಊರಿನಲ್ಲೂ ಇಂಥವನೊಬ್ಬ ಇದ್ದಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಅವನ ದೊಡ್ಡ ಮಾತು ಮಾತ್ರ ಪ್ರೀತಿಯದು. ನಿನ್ನ ಮನೆಯನ್ನು ನೋಡುವ ಕಣ್ಣಿನಲ್ಲೇ ಇನ್ನೊಬ್ಬನ ಮನೆಯನ್ನೂ ನೋಡು. ನಿನ್ನ ಊರಿನ ಮೇಲಿನ ಅಕ್ಕರೆಯೇ ಪಕ್ಕದೂರಿನ ಮೇಲೂ ಇರಲಿ. ಆಗ ಕಳ್ಳತನವಿಲ್ಲ, ಯುದ್ಧವಿಲ್ಲ. ಇದನ್ನು ಓದಿದ ಮೇಲೆ ನನ್ನ ಕೈ ಸುಮ್ಮನಿರುತ್ತಿತ್ತು, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಬಾಗಿಲು ಮಾಡಿಸಲು ಬಂದವರಿಗೂ ಹೊಲದ ಕುಂಟೆಗೆ ಹಲ್ಲು ಹಾಕಿಸಲು ಬಂದವರಿಗೂ ಉಪದೇಶ. ಒಂದು ಬೆಳಿಗ್ಗೆ ನನ್ನ ಹೆಂಡತಿ ರಾಗಿ ಕೇರುತ್ತಾ ಕೂತಿದ್ದವಳು ಮೊರವನ್ನು ನೆಲಕ್ಕೆ ಕುಕ್ಕಿದಳು.

“ಊರೋರ ಮನೇನೆಲ್ಲ ನಿಮ್ಮನೆ ಅಂತ ನೋಡೋದು ಆಮೇಕೆ ಆಗ್ಲಿ. ಒಡಹುಟ್ಟಿದೋಳ ಮನೆ ಮೊದ್ಲು ನೋಡಿ. ಮೂರು ಗೌರಿಹಬ್ಬ ಆಯ್ತು ಸಾವಿತ್ರಿ ಈ ವಸ್ಲು ತುಳ್ದು.”

“ಅದು ಬೇರೆ ವಿಚಾರ,” ಅಂದೆ.

“ನಾನೂ ಗಂಜಾಂಗೆ ಓಗಿ ನಿಮಿಷಾಂಬಮ್ಮಂಗೆ ಅರಕೆ ಒತ್ಕಂಡು ಬಂದೆ. ಆ ತಾಯಿ ನಿಮಿಷ್ದಲ್ಲಿ ಕೊಡ್ತಾಳಂತೆ. ಅಡ್ಡ ಕೂತಿರೋರು ನೀವು. ನಿಮ್ಗೆ ಮೂರು ವರ್ಸನೂ ಸಾಲ್ದು!”

ಆ ಬೇರೆ ವಿಚಾರವನ್ನು ಈಗ ಹೇಳಲೇಬೇಕು.

ಸಾವಿತ್ರಿ ನನ್ನ ತಂಗಿ, ಒಬ್ಬಳೇ ತಂಗಿ. ಕೆ.ಆರ್. ಪೇಟೆ ತಾಲ್ಲೂಕು ಗೋವಿಂದನಹಳ್ಳಿಯ ಹತ್ತಿರದ ಊರಿಗೆ ಕೊಟ್ಟಿದ್ದೇವೆ. ಗಂಡ ಕಾಳಾಚಾರಿ ಕಬ್ಬಿಣದ ಕೆಲಸದವನು. ಮಾತು ಕಡಿಮೆ, ಸುತ್ತಿಗೆ ಏಟು ಹೆಚ್ಚು. ನಮ್ಮ ಕಡೆ ಮರದ ಗಾಡಿ ಇನ್ನೂ ಓಡುತ್ತಿದ್ದ ಕಾಲದಲ್ಲಿ, ಕಬ್ಬು ಕಡಿಯುವ ಮುಂಚೆ ಅವನು ಎರಡು ವಾರ ನನ್ನ ಅಂಗಳಕ್ಕೇ ಬಂದು ಬೆಂಕಿಗೆ ಗಾಳಿ ಊದುವ ತಿದಿ ಹೂಡುತ್ತಿದ್ದ. ನಾನು ಚಕ್ರ ಮಾಡುವುದು, ಅವನು ಅದರ ಸುತ್ತಲೂ ಕಬ್ಬಿಣದ ಪಟ್ಟಿ ಏರಿಸುವುದು. ಪಟ್ಟಿಯನ್ನು ಚಕ್ರಕ್ಕಿಂತ ಒಂದು ಕೂದಲು ಚಿಕ್ಕದಾಗಿ ಬೆಸೆದು, ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದ ಗಳಿಗೆಯಲ್ಲೇ ಚಕ್ರಕ್ಕೆ ತೊಡಿಸಿ ನೀರು ಸುರಿಯಬೇಕು. ತಣ್ಣಗಾಗುತ್ತಾ ಪಟ್ಟಿ ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಆ ಬಿಗಿತದಲ್ಲಿ ಮರದವನ ಕೈ ಎಷ್ಟು, ಕಬ್ಬಿಣದವನ ಕೈ ಎಷ್ಟು ಎಂದು ಬೇರೆ ಮಾಡಿ ಹೇಳಲು ಬರುವುದಿಲ್ಲ.

ಹೆಂಡತಿ ಹೀಗೆ ಅಂದದ್ದಕ್ಕೆ ಮೂರು ವರ್ಷ ಮುಂಚೆ ನಮ್ಮೂರಿನ ಚಿಕ್ಕೇಗೌಡರು ಹೊಸ ಗಾಡಿ ಮಾಡಿಸಿದರು. ಅನುಕೂಲಸ್ಥರು, ಕೆಲಸದ ಬೆಲೆ ಬಲ್ಲವರು. ಮುಂದಿನ ಹಲಗೆಯ ಮೇಲೆ ಒಂದು ಜೊತೆ ಗಿಳಿ ಇರಲಿ ಅಂದರು. ನನಗೆ ಅಷ್ಟು ಸಾಕಾಯಿತು. ಗಿಳಿಗೆ ಬಳ್ಳಿ ಬೇಕು, ಬಳ್ಳಿಗೆ ಹೂ ಬೇಕು, ಹೂವಿಗೆ ದುಂಬಿ ಬೇಕು ಎಂದು ಒಂದು ತಿಂಗಳು ಆ ಹಲಗೆಯ ಮೇಲೇ ಬಿದ್ದುಕೊಂಡಿದ್ದೆ. ನೋಡಲು ಜನ ಬರುತ್ತಿದ್ದರು. ಅಷ್ಟರಲ್ಲಿ ಕಬ್ಬು ಕಡಿಯುವ ದಿನ ಬಂತು. ಚಕ್ರದ ಸುತ್ತಿನ ಮರದಲ್ಲಿ ಎರಡು ತುಂಡು ಕಡಿಮೆ ಬಿದ್ದವು. ಚೆನ್ನಾಗಿ ಒಣಗಿದ ಕರಿಜಾಲಿ ನಾಗಮಂಗಲದ ಕಡೆ ನನಗಾಗಿಯೇ ಕಾದು ಕೂತಿತ್ತು. ಹೋಗಿ ತರಲು ಒಂದು ದಿನ ಬೇಕು. ಆ ಒಂದು ದಿನ ನನಗೆ ಗಿಳಿಯ ಕೊಕ್ಕಿಗೆ ಬೇಕಾಗಿತ್ತು. ಹಿತ್ತಲಲ್ಲಿ ಕಡಿದು ಎರಡು ತಿಂಗಳೂ ಆಗದ ಜಾಲಿಯಿತ್ತು. ಕೆತ್ತಿ ಕೂರಿಸಿದೆ. ಮೇಲೆ ಎಣ್ಣೆ ಬಳಿದರೆ ಹಸಿ ಯಾವುದು, ಒಣಗಿದ್ದು ಯಾವುದು ಎಂದು ಬ್ರಹ್ಮನಿಗೂ ತಿಳಿಯದು.

ಚಕ್ರಕ್ಕೆ ತಿಳಿಯಿತು. ಮೂರು ತಿಂಗಳ ಬಿಸಿಲಿಗೆ ಆ ಎರಡು ತುಂಡು ಒಣಗಿ ಕುಗ್ಗಿದವು. ಕಬ್ಬು ತುಂಬಿದ ಗಾಡಿ ಪಾಂಡವಪುರದ ಬಸ್‌ಸ್ಟ್ಯಾಂಡಿನ ಎದುರಿಗೇ ಪಟ್ಟಿ ಕಳಚಿಕೊಂಡು ಕೂತಿತು. ಪಟ್ಟಿ ತಾನೊಂದೇ ಉರುಳುತ್ತಾ ಹೋಗಿ ಟೀ ಅಂಗಡಿಯ ಬೆಂಚಿಗೆ ಒರಗಿ ನಿಂತಿತು. ಒಂದು ಎತ್ತಿನ ಮಂಡಿ ತರಚಿತು. ಗೌಡರು ನನ್ನನ್ನೂ, ಆ ಹೊತ್ತಿಗೆ ನಮ್ಮ ಮನೆಗೆ ಬಂದಿದ್ದ ಕಾಳಾಚಾರಿಯನ್ನೂ ಕರೆಸಿದರು. ಐವತ್ತು ಜನ ಸುತ್ತ ನಿಂತಿದ್ದರು. ನನ್ನ ಗಿಳಿಗಳನ್ನು ಮೆಚ್ಚಿದ್ದ ಐವತ್ತು ಜನ.

ಗೌಡರು ಕೇಳಿದರು: “ಏನ್ ಆಚಾರ್ರೆ ಇದು?”

ನನ್ನ ನಾಲಿಗೆ ನನಗಿಂತ ಮುಂಚೆ ಎದ್ದು ನಿಂತಿತು. “ಪಟ್ಟಿ ಸಡ್ಲ ಬುಟ್ಟವ್ನೆ ನಮ್ಮ ಬಾವ. ಕಬ್ಬಿಣದ ಕೆಲ್ಸ. ಅದ್ರಲ್ಲಿ ನನ್ದೇನೈತೆ?”

ಕಾಳಾಚಾರಿ ನನ್ನ ಮುಖವನ್ನು ಒಂದು ಸಲ ನೋಡಿದ. ನಮ್ಮ ಮನೆಗೆ ಹೋಗಿ ಸುತ್ತಿಗೆ, ಇಕ್ಕಳ ಚೀಲಕ್ಕೆ ತುಂಬಿಕೊಂಡು ಮುಂದಿನ ಬಸ್ಸು ಹತ್ತಿದ. ಆಮೇಲೆ ಸಾವಿತ್ರಿ ಬರಲಿಲ್ಲ. ಗೌರಿಹಬ್ಬಕ್ಕೆ ಸೀರೆ, ಬಳೆ, ಅರಿಶಿನ ಕುಂಕುಮ ಗುರುತಿನವರ ಕೈಲಿ ಕಳಿಸಿದೆ. ಹಾಗೇ ವಾಪಸ್ಸು ಬಂತು. ಜೊತೆಗೆ ಒಂದು ಮಾತು: ಕೊಡೋನು ಬಂದು ಕೊಡ್ಲಿ. ನಾನು ಹೋಗಲಿಲ್ಲ. ಮೂರು ವರ್ಷ ಹೇಳಿದ ಸುಳ್ಳನ್ನು ನಾನೇ ಅರ್ಧ ನಂಬಿಕೊಂಡೂ ಬಿಟ್ಟಿದ್ದೆ.

ಹೆಂಡತಿ ಮೊರ ಕುಕ್ಕಿದ ದಿನ ಮಧ್ಯಾಹ್ನ ಸಿಟ್ಟಿನಲ್ಲೇ ಪುಸ್ತಕ ಹಿಡಿದು ಕೂತೆ. ಚೀನಾದ ಗುರುವಿನ ಇನ್ನೊಂದು ಕತೆ ಬಂತು. ಅವನು ಮೂರು ವರ್ಷ ಕೂತು ಮರದಲ್ಲಿ ಒಂದು ಹಕ್ಕಿ ಮಾಡಿದನಂತೆ. ಅದು ಹಾರಿತಂತೆ! ಒಂದೇ ದಿನ ಹಾರಿ ಮುರಿದು ಬಿತ್ತಂತೆ. ಶಿಷ್ಯರು ಗುರುವಿನ ಕೈಚಳಕವನ್ನು ಹಾಡಿ ಹೊಗಳಿದರು. ಅವನು, ನನಗಿಂತ ಗಾಡಿಯ ಗೂಟ ಕೆತ್ತುವವನು ಜಾಣ ಎಂದನಂತೆ. ಗೇಣುದ್ದದ ಮರ, ಒಂದು ಬೆಳಗಿನ ಕೆಲಸವೂ ಅಲ್ಲ, ಆದರೆ ಅದು ವರ್ಷಗಟ್ಟಲೆ ಭಾರ ಎಳೆಯುತ್ತದೆ ಎಂದನಂತೆ.

ನನ್ನ ಬೆರಳು ಆ ಸಾಲಿನ ಮೇಲೇ ನಿಂತಿತು. ಎರಡು ಸಾವಿರ ವರ್ಷದ ಆಚೆಯಿಂದ, ಸಮುದ್ರದ ಆಚೆಯಿಂದ ಒಬ್ಬ ಬಡಗಿ ನನ್ನ ಗಿಳಿಗಳನ್ನು ನೋಡಿಬಿಟ್ಟಿದ್ದ.

ಹಬ್ಬಕ್ಕೆ ಇನ್ನೂ ಹದಿನೈದು ದಿನವಿತ್ತು. ಮಾರನೆಯ ಬೆಳಿಗ್ಗೆಯೇ ಕೆ.ಆರ್. ಪೇಟೆ ಬಸ್ಸು ಹತ್ತಿದೆ. ಇಳಿದ ಮೇಲೆ ಮೂರು ಮೈಲಿ ನಡಿಗೆ. ಮಳೆ ಹಿಡಿಯಿತು. ನಡೆಯುತ್ತಾ ಗುರುವನ್ನೇ ನೆನೆದೆ. ಒಂದು ದೊಡ್ಡ ರಾಜ್ಯ ಒಂದು ಸಣ್ಣ ರಾಜ್ಯದ ಮೇಲೆ ಏರಿಹೋಗುತ್ತದೆ ಎಂದು ಕೇಳಿ ಅವನು ಹತ್ತು ಹಗಲು ಹತ್ತು ರಾತ್ರಿ ನಡೆದು ಹೋದವನು. ಸೊಂಟದ ಪಟ್ಟಿ ಬಿಚ್ಚಿ ನೆಲದ ಮೇಲೆ ಕೋಟೆಯಂತೆ ಇಟ್ಟು, ಸಣ್ಣ ಕಡ್ಡಿಗಳಲ್ಲಿ ಯುದ್ಧ ಆಡಿ ತೋರಿಸಿ, ಆ ದಂಡನ್ನು ಹೊರಡದಂತೆ ನಿಲ್ಲಿಸಿದವನು. ವಾಪಸ್ಸು ಬರುವಾಗ ತಾನು ಉಳಿಸಿದ ಊರಿನ ಬಾಗಿಲಲ್ಲೇ ಮಳೆ ಬಂತಂತೆ. ಕಾವಲುಗಾರ ಗುರುತು ಸಿಗದೆ ಒಳಗೆ ಬಿಡಲಿಲ್ಲವಂತೆ.

ತಂಗಿಯ ಮನೆ ಮುಟ್ಟಿದಾಗ ನನಗೂ ಅದೇ ಆಯಿತು. ಸಾವಿತ್ರಿ ಬಾಗಿಲಿಗೆ ಬಂದಳು, ನೋಡಿದಳು, ಒಳಗೆ ಹೋದಳು. ಬಾ ಅನ್ನಲಿಲ್ಲ. ಸೂರಿನ ನೀರು ಕುತ್ತಿಗೆಗೆ ಬೀಳುತ್ತಾ ನಿಂತೆ. ಗುರುವಿಗೂ ಹೀಗೇ ಆಗಿತ್ತಲ್ಲ ಎಂದು ಒಂದು ಗಳಿಗೆ ಹೆಮ್ಮೆಯೇ ಆಯಿತು, ನೋಡಿ! ಆಮೇಲೆ ಹೊಳೆಯಿತು: ಅವನು ಊರು ಉಳಿಸಿ ನಿಂತಿದ್ದ, ನಾನು ಊರಿಗೆ ಬೆಂಕಿ ಇಟ್ಟವನು ನಿಂತಿದ್ದೆ.

ಪಕ್ಕದ ಕುಲುಮೆಯಿಂದ ಕಾಳಾಚಾರಿ ಕೂಗಿದ: “ನೆನೀತಾ ನಿಂತ್ಕಬ್ಯಾಡ ಬಾವ. ಈಚಿಕ್ ಬಾ, ಬೆಂಕಿ ಐತೆ.”

ಹೋಗಿ ಕೂತೆ. ಮೂರು ಜನ ರೈತರು ಕುಡುಗೋಲು, ನೇಗಿಲ ಗುಳ ತಟ್ಟಿಸಲು ಕಾಯುತ್ತಿದ್ದರು. ಬಂದ ಕೆಲಸದ ಮಾತನ್ನು ನೇರವಾಗಿ ಆಡುವುದು ಬಿಟ್ಟು, ಸುತ್ತಿ ಬರೋಣವೆಂದು ಹೆಗಲ ಟವಲನ್ನು ನೆಲದ ಮೇಲೆ ಗುಂಡಗೆ ಹಾಸಿ ಹೇಳಿದೆ: “ಬಾವ, ಚೀನಾದಲ್ಲಿ ಒಬ್ಬ ಆಚಾರಿ ಇದ್ದ. ಇದು ಕೋಟೆ ಅಂತ ಇಟ್ಕ…”

ಅವನು ಸುತ್ತಿಗೆ ಇಳಿಸಿ ಟವಲನ್ನೂ ನನ್ನನ್ನೂ ನೋಡಿದ. “ಏನ್ ಬಾವ, ಮೂರು ವರ್ಸಕ್ಕೆ ಬಂದವ್ನು ಚೌಕಾಬಾರ ಆಡಕ್ ಬಂದ್ಯಾ?”

ರೈತರು ನಕ್ಕರು. ನನಗೂ ನಗು ಬಂತು. ನಗುವಿನ ಹಿಂದೆಯೇ ಮಾತು ಜಾರಿತು.

“ಎರಡು ತುಂಡು ಹಸಿ ಮರ ಆಕಿದ್ದೆ ಕಣ್ ಬಾವ. ನಿನ್ ಪಟ್ಟಿ ಸರ್ಯಾಗೇ ಇತ್ತು.”

ಕಾಳಾಚಾರಿ ಇದ್ದಲು ಕೆದಕಿದ. “ಗೊತ್ತು.”

“ಗೊತ್ತಾ? ಯಾವಾಗ್ಲಿಂದ?”

“ಪಟ್ಟಿ ಏರ್ಸಿದ್ ದಿನಾನೇ. ಕಾದ ಕಬ್ಬಿಣ ಕೂತೇಟ್ಗೆ ಒಣಗಿದ್ ಮರ ಒಗೆ ಬುಡ್ತದೆ. ಅವೆರಡು ತುಂಡು ಸುಯ್ ಅಂತ ನೊರೆ ಕಾರ್ದೊ. ನಂಗೆ ಮೂಗಿಲ್ವಾ?”

ನನಗೆ ಹಾಳು ಧೈರ್ಯ ಬಂತು. “ಅಂಗಾರೆ ಆವತ್ತೇ ಯಾಕ್ಲಾ ಬಾಯಿ ಬುಡ್ಲಿಲ್ಲ?”

“ಗೌಡ್ರು ಅಲ್ಲೇ ಕೂತಿದ್ರು. ನಿನ್ ಗಿಳಿ ನೋಡ್ಕಂಡು ಕೊಂಡಾಡ್ತಾ ಇದ್ರು. ಅವ್ರ ಮುಂದೆ ಎಂಡ್ತಿ ಅಣ್ಣನ ಮಾನ ಕಳೀಲಾ?” ಅವನು ಸುತ್ತಿಗೆ ಕೈಗೆತ್ತಿಕೊಂಡು, “ತಪ್ಪು ನಂದೂ ಐತೆ ಬುಡು. ಗೊತ್ತಿದ್ದೂ ಏರ್ಸ್ಬಾರ್ದಿತ್ತು. ಆ ಎತ್ತಿನ ಮಂಡಿ ಈಗ್ಲೂ ಕಣ್ಣಿಗ್ ಕಟ್ತದೆ,” ಅಂದ.

ಬಸ್‌ಸ್ಟ್ಯಾಂಡಿನಲ್ಲಿ ಐವತ್ತು ಜನರ ಮುಂದೆ ಅವನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಿರಲಿಲ್ಲ. ಇನ್ನೊಬ್ಬನ ಮನೆಯನ್ನು ತನ್ನ ಮನೆಯಂತೆ ನೋಡುವುದು ಹೇಗೆಂದು ಪುಸ್ತಕ ಮುಟ್ಟದ ಈ ಕುಲುಮೆಯವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಾವಿತ್ರಿ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಕಾಫಿ ತಂದು ಗಂಡನ ಕೈಗೊಂದು ಲೋಟ ಕೊಟ್ಟಳು. ನನ್ನ ಲೋಟವನ್ನು ಕಲ್ಲಿನ ಮೇಲೆ ಕುಕ್ಕಿದಳು.

“ಅಬ್ಬಕ್ಕೆ ಕರೆಯಾಕ್ ಬಂದಿದ್ದೀನಿ ಕಣವ್ವ,” ಅಂದೆ.

“ನಮ್ಮೆಜಮಾನ್ರ ಎಸ್ರು ಕೆಡ್ಸಿದ್ದು ಎಲ್ಲಿ ಅಣ್ಣಾ? ಈ ಕುಲುಮೆ ಒಳ್ಗಾ?”

“ಇಲ್ಲ.”

“ಎಲ್ಲಿ ಕೆಡ್ಸಿದ್ಯೋ ಅಲ್ಲೇ ಓಗಿ ಯೋಳು. ಅಷ್ಟೇ ಗಟ್ಟಿಯಾಗಿ ಯೋಳು. ಆಮೇಕೆ ಬತ್ತೀನೋ ಇಲ್ವೋ ಯೋಚ್ನೆ ಮಾಡ್ತೀನಿ.”

ಗುರು ಹತ್ತು ದಿನ ನಡೆದದ್ದು ನನಗೆ ಈಗ ಸುಲಭವಾಗಿ ಕಂಡಿತು. ಬಸ್‌ಸ್ಟ್ಯಾಂಡಿನ ಟೀ ಅಂಗಡಿ ನನ್ನ ಮನೆಗೆ ಇನ್ನೂರು ಹೆಜ್ಜೆ. ಆ ಇನ್ನೂರು ಹೆಜ್ಜೆಗೆ ನನಗೆ ನಾಲ್ಕು ದಿನ ಹಿಡಿಯಿತು. ಐದನೆಯ ದಿನ, ಸಂತೆಯ ದಿನ, ಮೊದಲು ಚಿಕ್ಕೇಗೌಡರ ಮನೆಗೆ ಹೋದೆ. ಹೊಸ ಚಕ್ರ ಮಾಡಿಕೊಡುತ್ತೇನೆ ಅಂದೆ. ಅವರು ಕೊಟ್ಟಿಗೆ ತೋರಿಸಿದರು. ಅಲ್ಲಿ ಟೈರಿನ ಗಾಡಿ ನಿಂತಿತ್ತು.

“ಇನ್ಯಾಕಪ್ಪ ನಂಗೆ ಮರದ್ ಚಕ್ರ? ಗಿಳಿ ಅಲಗೆ ಮಾತ್ರ ಪಡಸಾಲೇಲಿ ಒಡ್ಸಿವ್ನಿ, ಮಗಳ ಮಕ್ಳು ನೋಡ್ತವೆ. ಬುಟ್ಬುಡು.”

“ಬುಡಾಕಾಗಲ್ಲ ಗೌಡ್ರೆ. ಟೀ ಅಂಗ್ಡಿವರ್ಗೂ ಬನ್ನಿ. ಒಂದು ಮಾತೈತೆ.”

ಬಂದರು. ಸಂತೆಯ ಜನ ತುಂಬಿತ್ತು. ಬೆಂಚಿನ ಮುಂದೆ ನಿಂತು, ಭಜನೆಯಲ್ಲಿ ಬರುವ ಗಂಟಲಿನಲ್ಲೇ ಹೇಳಿದೆ: ಮೂರು ವರ್ಷದ ಹಿಂದೆ ಇಲ್ಲಿ ಮುರಿದ ಚಕ್ರ ಕಬ್ಬಿಣದವನ ತಪ್ಪಲ್ಲ, ಹಸಿ ಮರ ಹಾಕಿದವನು ನಾನು, ಸುಳ್ಳು ಹೇಳಿದವನೂ ನಾನು. ಅರ್ಧ ಜನಕ್ಕೆ ಯಾವ ಚಕ್ರ, ಯಾವ ಗಾಡಿ ಎಂಬುದೇ ಮರೆತುಹೋಗಿತ್ತು. ಒಬ್ಬ ಮುದುಕ ಪಕ್ಕದವನನ್ನು “ಏನಂತ್ಲಾ, ಎಲೆಕ್ಷನ್ನಾ?” ಎಂದು ಕೇಳಿದ. ಟೀ ಅಂಗಡಿಯವನು ಮಾತ್ರ ಮರೆತಿರಲಿಲ್ಲ. “ಇಷ್ಟ್ ಗಟ್ಟಿಯಾಗಿ ಬಸ್ಸಿನ ಏಜೆಂಟೂ ಕೂಗಲ್ಲ ಆಚಾರ್ರೆ,” ಎಂದು ಒಂದು ಟೀ ಕೊಟ್ಟ. ನನ್ನ ಕೆಲಸಗಳಲ್ಲಿ ಇದೂ ಒಂದು ಎಂದು ಇವತ್ತಿಗೂ ಎದೆಯೆತ್ತಿ ಹೇಳುತ್ತೇನೆ. ತಪ್ಪು ಮಾಡುವುದು ಯಾರ ಕೈಲಾದರೂ ಆಗುತ್ತದೆ. ಒಪ್ಪಿಕೊಳ್ಳುವುದು ಕಸುಬು.

ಸುದ್ದಿ ತಂಗಿಯ ಊರು ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ಗೌರಿಹಬ್ಬದ ಹಿಂದಿನ ದಿನ ಬೆಳಿಗ್ಗೆ ಒಗೆದ ಅಂಗಿ ತೊಟ್ಟು ಬಸ್‌ಸ್ಟ್ಯಾಂಡಿನಲ್ಲಿ ನಿಂತೆ. ಕೆ.ಆರ್. ಪೇಟೆಯ ಮೊದಲ ಬಸ್ಸು ಬಂತು, ಬಾಳೆಗೊನೆ ಇಳಿದವು. ಎರಡನೆಯದರಲ್ಲಿ ಯಾರದೋ ನೆಂಟರು ಇಳಿದರು. ಟೀ ಅಂಗಡಿಯವನು ಕೇಳಿದ, “ಬತ್ತಾರಾ ಆಚಾರ್ರೆ?” “ಬತ್ತಾಳೆ” ಅಂದೆ. ಮೂರನೆಯ ಬಸ್ಸಿನಿಂದ ಕಂಡಕ್ಟರ್ ಒಬ್ಬನೇ ಇಳಿದು ಬೀಡಿ ಹಚ್ಚಿದ. “ಬತ್ತಾಳೆ” ಎಂದು ಈ ಸಲ ಯಾರೂ ಕೇಳದಿದ್ದರೂ ಅಂದೆ.

ನಾಲ್ಕನೆಯ ಬಸ್ಸಿನ ಹಿಂದಿನ ಬಾಗಿಲಿನಲ್ಲಿ ಮೊದಲು ಒಂದು ಚೀಲ ಕಂಡಿತು, ಆಮೇಲೆ ಚೀಲ ಹಿಡಿದ ಸಾವಿತ್ರಿ. ನನ್ನ ಮುಖ ನೋಡಲಿಲ್ಲ. ಚೀಲವನ್ನು ನನ್ನ ಹೆಗಲಿಗೆ ನೇತುಹಾಕಿ ಮುಂದೆ ನಡೆದಳು, ಬಾಯಿ ತೆಗೆದಳು. ಮೂರು ವರ್ಷ ಕೂಡಿಟ್ಟ ಮಾತು. ಸೀರೆಯನ್ನು ಕಂಡವರ ಕೈಲಿ ಕಳಿಸಿದ್ದಕ್ಕೆ ಬೈದಳು, ಅವಳ ಮಗನಿಗೆ ಜ್ವರ ಬಂದಾಗ ನೋಡಲು ಬಾರದ್ದಕ್ಕೆ ಬೈದಳು, ಅಪ್ಪ ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಹೇಳಿ ಬೈದಳು, ಇಷ್ಟು ಸೊರಗಿಹೋಗಿದ್ದೀಯಲ್ಲ ಎಂದು ಅದಕ್ಕೂ ಬೈದಳು. ಬೀದಿಯ ಎರಡೂ ಕಡೆಯವರು ಬಾಗಿಲಿಗೆ ಬಂದು ನೋಡುತ್ತಿದ್ದರು. ನಾನು ಚೀಲ ಹೊತ್ತುಕೊಂಡು ಹಿಂದೆ ಹಿಂದೆ ನಡೆದೆ. ಮನೆ ಇನ್ನೂರೇ ಹೆಜ್ಜೆ. ಇನ್ನೊಂದು ಮೈಲಿಯಾದರೂ ದೂರವಿದ್ದಿದ್ದರೆ ಚೆನ್ನಾಗಿತ್ತು ಎಂದುಕೊಂಡೆ.